‘ಹೌ ಆರ್ ಯು’ಗೆ ಲುಕಿಚ್ ಕೊಟ್ಟ ಉತ್ತರ

ನಲವತ್ತು ಜನರಿಗೆ ಬೇಯಿಸಿ ಪಳಗಿದ ಕೈಗೆ ಇಬ್ಬರಿಗೆ ಮಾಡು ಎಂದರೆ ಅಳತೆ ಸಿಗುವುದಿಲ್ಲ. ತಿಮೋಫೇಯ್ ಲುಕಿಚ್ ಗೊರೆಲೊವ್‌ಗೆ ಇದು ಗೊತ್ತಾದದ್ದು ಐವತ್ತಮೂರನೆಯ ವಯಸ್ಸಿನಲ್ಲಿ. ಇಪ್ಪತ್ತೇಳು ವರ್ಷ ಅವನು ಮೀನು ಹಿಡಿಯುವ ಒಂದೇ ಹಡಗಿನ ಅಡುಗೆಯವನಾಗಿದ್ದ. ಗೊರೆಲೊವ್ ಎಂದರೆ ಸುಟ್ಟುಹೋದವನು. ಅಂಥ ಮನೆತನದ ಹೆಸರು ಇಟ್ಟುಕೊಂಡು ಅಡುಗೆಮನೆಗೆ ಇಳಿದವನನ್ನು ಹಡಗಿನವರು ಮೊದಲ ವಾರ ಗೇಲಿ ಮಾಡಿದರು, ಎರಡನೆಯ ವಾರ ತಟ್ಟೆ ನೆಕ್ಕಿದರು, ಆಮೇಲೆ ಅಪ್ಪನ ಹೆಸರು ಹಿಡಿದು ಬರೀ ಲುಕಿಚ್ ಎಂದು ಕರೆಯತೊಡಗಿದರು. ನಮ್ಮಲ್ಲಿ ಹಾಗೆ ಕರೆಸಿಕೊಳ್ಳಬೇಕಾದರೆ ಯೋಗ್ಯತೆ ಬೇಕು. ಕಳೆದ ಅಕ್ಟೋಬರಿನಲ್ಲಿ ಆ ಹಡಗನ್ನು ಗುಜರಿಗೆ ಹಾಕಿದರು. ಲುಕಿಚ್ ತನ್ನ ಎರಡು ಚಾಕು, ಒಂದು ಸೌಟು ಹಿಡಿದುಕೊಂಡು ರಷ್ಯಾದ ಪೂರ್ವ ಕರಾವಳಿಯ ಬಂದರು ಸೊವ್‌ಗಾವಾನ್‌ನ ಗುಡ್ಡದ ಮೇಲೆ ಐದನೆಯ ಮಹಡಿಯಲ್ಲಿರುವ ಮನೆಗೆ ಬಂದ. ಮಾರನೆಯ ದಿನ ಹೆಂಡತಿಗೆಂದು ಪ್ರೀತಿಯಿಂದ ಬೋರ್ಷ್ ಕುದಿಸಿದ. ಆ ಬೀಟ್‌ರೂಟ್ ಸಾರು ಹನ್ನೊಂದು ದಿನವಾದರೂ ಮುಗಿಯಲಿಲ್ಲ.

ಹೆಂಡತಿ ಜೋಯಾ ಬಸ್ ಡಿಪೋದಲ್ಲಿ ಯಾವ ಬಸ್ಸು ಯಾವಾಗ ಹೊರಡಬೇಕೆಂದು ಮೈಕಿನಲ್ಲಿ ಕೂಗುವ ಕೆಲಸದವಳು. ಇಪ್ಪತ್ತೈದು ವರ್ಷದ ದಾಂಪತ್ಯದಲ್ಲಿ ಅವಳು ಗಂಡನನ್ನು ವರ್ಷಕ್ಕೆ ನಾಲ್ಕು ತಿಂಗಳು ಮಾತ್ರ ನೋಡಿದ್ದಳು. ಸಂಸಾರ ಚೆನ್ನಾಗಿಯೇ ನಡೆದಿತ್ತು. ಈಗ ಅವನು ದಿನವೂ ಮನೆಯಲ್ಲಿ. ಬೆಳಗಾದರೆ ಬಕೆಟ್ಟಿನಷ್ಟು ಹಿಟ್ಟು ನಾದಿ ಇಡುತ್ತಿದ್ದ. ಜೋಯಾ ಕೆಲಸದಿಂದ ಬಂದವಳೇ ಪಾತ್ರೆ ಹೊತ್ತು ಮೆಟ್ಟಿಲಿಳಿದು ಮನೆಮನೆಗೆ ಹಂಚುತ್ತಿದ್ದಳು. ಮೂರನೆಯ ಮಹಡಿಯ ಗಂಡಹೆಂಡತಿ ಇದ್ದಬದ್ದ ಬಟ್ಟೆಯ ಹೊಲಿಗೆಯನ್ನೆಲ್ಲ ಬಿಚ್ಚಿಸಿ ಸಡಿಲ ಮಾಡಿಸಿಕೊಂಡರು. ಕೆಳಗಿನ ಮನೆಯ ಮುದುಕಿಯಂತೂ ಜೋಯಾಳ ಹೆಜ್ಜೆ ಸಪ್ಪಳ ಕೇಳಿದರೆ ಸಾಕು, ಚಿಲಕ ಹಾಕಿ, ರೇಡಿಯೋ ಆರಿಸಿ, ಮನೆಯಲ್ಲಿ ಯಾರೂ ಇಲ್ಲವೆಂಬಂತೆ ಉಸಿರು ಬಿಗಿಹಿಡಿದು ಕೂರುತ್ತಿದ್ದಳು.

ಫೆಬ್ರುವರಿಯಲ್ಲಿ ಒಂದು ದಿನ ಜೋಯಾ ಗಂಡನ ಕೈಯಿಂದ ಸೌಟು ತೆಗೆದು ಮೇಜಿನ ಮೇಲಿಟ್ಟಳು.

"ತಿಮೋಶಾ, ನಿನ್ನ ಮೇಲೆ ನಂಗೇನೂ ಸಿಟ್ಟಿಲ್ಲ. ಆದ್ರೆ ಒಂದೋ ನೀನು ಹಡಗು ಹತ್ತು, ಇಲ್ಲಾಂದ್ರೆ ಶಿಶುವಿಹಾರಕ್ಕೆ ಸೇರ್ಕೋ. ಪಕ್ಕದ ಬೀದೀಲಿ ಅಡುಗೆಯವರು ಬೇಕಂತೆ. ಏಪ್ರಿಲ್ ಒಂದಕ್ಕೆ ಬರ್ತಾನೆ ಅಂತ ಮಾತು ಕೊಟ್ಟು ಬಂದಿದೀನಿ."

ಶಿಶುವಿಹಾರ ಎಂದರೆ ರವೆಗಂಜಿ. ಬೆಳ್ಳುಳ್ಳಿ ಇಲ್ಲ, ಮೆಣಸಿಲ್ಲ, ಉಪ್ಪು ಕೂಡ ಹೆದರಿ ಹೆದರಿ ಹಾಕಬೇಕು. ಅಲೆ ಒಲೆಯ ಮೇಲೆ ನುಗ್ಗಿ ಬರುವಾಗಲೂ ಪಾತ್ರೆಯನ್ನು ಹಗ್ಗದಿಂದ ಬಿಗಿದು ಕಟ್ಟಿ ನಲವತ್ತು ಗಂಡಸರಿಗೆ ಬಿಸಿ ಸಾರು ಬಡಿಸಿದವನು ಇನ್ನು ಮೂರು ವರ್ಷದ ಮಕ್ಕಳ ಮುಂದೆ ಗಂಜಿಯಲ್ಲಿ ಗಂಟಿಲ್ಲ ಎಂದು ಪ್ರಮಾಣ ಮಾಡಬೇಕಿತ್ತು. ಲುಕಿಚ್ ಅಂದೇ ಕೋಟು ಹಾಕಿಕೊಂಡು ಬಂದರಿನ ಬಳಿ ನಾವಿಕರಿಗೆ ಕೆಲಸ ಹುಡುಕಿಕೊಡುವ ಕಚೇರಿಗೆ ಹೋದ. ಅಲ್ಲಿನ ಹೆಂಗಸು ಕಾಗದ ತಿರುವಿ ಹಾಕಿ, ನಮ್ಮವರ ಹಡಗುಗಳಲ್ಲಿ ಜಾಗವಿಲ್ಲ, ಆದರೆ ಮನಿಲಾದ ಒಂದು ಕಂಪನಿಗೆ ಸರಕು ಹಡಗಿಗೆ ಅಡುಗೆಯವನು ಬೇಕು ಎಂದಳು. ಅವರ ಕ್ಯಾಪ್ಟನ್ ಕಂಪ್ಯೂಟರಿನಲ್ಲೇ ಮುಖ ನೋಡಿ ಹದಿನೈದು ನಿಮಿಷ ಮಾತನಾಡಿಸುತ್ತಾರಂತೆ, ಇಂಗ್ಲಿಷಿನಲ್ಲಿ. ದಿನವೂ ಗೊತ್ತಾಗಿತ್ತು: ಮಾರ್ಚ್ ಹನ್ನೆರಡು, ಗುರುವಾರ, ಮಧ್ಯಾಹ್ನ ಮೂರು ಗಂಟೆ.

ಲುಕಿಚ್‌ಗೆ ಬರುತ್ತಿದ್ದ ಇಂಗ್ಲಿಷ್ ಎಂದರೆ ಗುಡ್, ನೋ ಗುಡ್, ಫಿಶ್, ಫೈರ್, ಫ್ರೆಂಡ್. ಇವಲ್ಲದೆ ಕೊರಿಯಾದ ಪುಸಾನ್ ಬಂದರಿನಲ್ಲಿ ಕಲಿತ ಆರೇಳು ಮಾತುಗಳಿದ್ದವು. ಅವನ್ನು ಯಾವ ಕ್ಯಾಪ್ಟನ್ ಎದುರಿಗೂ ಆಡುವಂತಿರಲಿಲ್ಲ. ಹಾಗಾಗಿ ಅವನು ಬೇರೆ ದಾರಿ ಕಾಣದೆ ರಿಮ್ಮಾ ಗೆನ್ರಿಖೊವ್ನಾ ಮನೆಯ ಗಂಟೆ ಒತ್ತಿದ.

ರಿಮ್ಮಾ ಗೆನ್ರಿಖೊವ್ನಾ ಊರಿನ ಶಾಲೆಯಲ್ಲಿ ನಲವತ್ತೊಂದು ವರ್ಷ ಇಂಗ್ಲಿಷ್ ಕಲಿಸಿದಾಕೆ. ಮದುವೆಯಾಗಿರಲಿಲ್ಲ, ಅದಕ್ಕೆಲ್ಲ ಅವರಿಗೆ ಪುರಸೊತ್ತಿರಲಿಲ್ಲ. ನಮ್ಮ ಶಾಲೆಗಳಲ್ಲಿ ಅತಿ ಹೆಚ್ಚೆಂದರೆ ಐದು ಅಂಕ, ಎರಡು ಬಿತ್ತೆಂದರೆ ಫೇಲು. ಗೊರೆಲೊವ್‌ಗೆ ಅವರು ಐದು ವರ್ಷ ಎರಡರ ಮೇಲೆ ಎರಡು ಕೊಟ್ಟಿದ್ದರು. ಈಗ ಎಪ್ಪತ್ತೆಂಟರ ಮುದುಕಿ, ಬೆನ್ನು ಮಾತ್ರ ಇನ್ನೂ ಅಳತೆಕೋಲು ಇಟ್ಟ ಹಾಗೆ ನೆಟ್ಟಗೆ. ಬಾಗಿಲು ತೆಗೆದು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಗೊರೆಲೊವ್. ಏಳನೇ ಕ್ಲಾಸು, ಬಿ ಸೆಕ್ಷನ್ನು, ಕಿಟಕಿ ಪಕ್ಕದ ಮೂರನೇ ಬೆಂಚು. ಮನೆಪಾಠ ತಂದಿದೀಯಾ?"

"ಇಲ್ಲ, ರಿಮ್ಮಾ ಗೆನ್ರಿಖೊವ್ನಾ," ಎಂದ ಲುಕಿಚ್. ಟೋಪಿ ತಾನಾಗಿ ಕೈಗೆ ಬಂದಿತ್ತು.

ಫೀಸು ಅವರು ಕೇಳಲೇ ಇಲ್ಲ. ಕೇಳಿದ್ದು ಶಾಲಾ ಡೈರಿ. ಲುಕಿಚ್ ಪುಸ್ತಕದಂಗಡಿಯಲ್ಲಿ ಸಾಲಿನಲ್ಲಿ ನಿಂತು, ಮುಖಪುಟದಲ್ಲಿ ಬೆಕ್ಕಿನ ಮರಿಯಿದ್ದ ಡೈರಿ ಕೊಂಡು ತಂದ. ಬೇರೆ ಚಿತ್ರದ್ದು ಮುಗಿದುಹೋಗಿತ್ತು. ಪ್ರತಿ ಪಾಠ ಮುಗಿದ ಮೇಲೆ ಮುದುಕಿ ಅದರಲ್ಲಿ ಕೆಂಪು ಮಸಿಯಿಂದ ಅಂಕ ಬರೆಯುವುದು, ಮನೆಯವರು ಅದಕ್ಕೆ ಸಹಿ ಹಾಕಿ ಕಳಿಸುವುದು. ಮೊದಲ ದಿನ ‘ಎರಡು. ಕಿಟಕಿಯಿಂದ ಆಚೆ ನೋಡುತ್ತಾನೆ’ ಎಂದು ಬರೆದಿತ್ತು. ಜೋಯಾ ಓದಿ, ಸಹಿ ಹಾಕಿ, ಬಚ್ಚಲುಮನೆಗೆ ಹೋಗಿ ನಲ್ಲಿ ತಿರುಗಿಸಿಕೊಂಡು ಹತ್ತು ನಿಮಿಷ ನಕ್ಕಳು.

ಪಾಠ ಅಡುಗೆಮನೆಯಿಂದ ಶುರುವಾಯಿತು. ಚಮಚ, ತಟ್ಟೆ, ಸೌಟು, ಬಾಣಲೆ. ಒಂದೊಂದೂ ಅವನು ಇಪ್ಪತ್ತೇಳು ವರ್ಷ ಕೈಯಲ್ಲಿ ಹಿಡಿದದ್ದೇ. ಆದರೆ ಇಂಗ್ಲಿಷಿನಲ್ಲಿ ಹೆಸರು ಹೇಳಿದ ತಕ್ಷಣ ಗುರುತೇ ಇಲ್ಲದ ವಸ್ತುವಾಗಿಬಿಡುತ್ತಿತ್ತು. ಕಿಚನ್ ಮತ್ತು ಚಿಕನ್ ಅವನ ಬಾಯಲ್ಲಿ ಅದಲುಬದಲಾಗಿ, ತಾನು ಇಪ್ಪತ್ತೇಳು ವರ್ಷ ಕೋಳಿಯೊಳಗೆ ಕೆಲಸ ಮಾಡಿದವನೆಂದೂ, ಅದು ತುಂಬ ಇಕ್ಕಟ್ಟಾಗಿತ್ತೆಂದೂ ಹೇಳಿದ. ‘ಎ’, ‘ದಿ’ ಎಂಬ ಎರಡು ಚೂರು ಪದಗಳಂತೂ ಅವನ ನಿದ್ದೆ ಕೆಡಿಸಿದವು. ನಮ್ಮ ಭಾಷೆಯಲ್ಲಿ ಅವಿಲ್ಲ, ಇಲ್ಲದೆಯೇ ಇಷ್ಟು ಕಾಲ ಬದುಕಿದ್ದೇವೆ. ಲುಕಿಚ್ ಒಂದು ದಿನ ಅವನ್ನು ಪೂರಾ ಬಿಡುತ್ತಿದ್ದ, ಬೈಸಿಕೊಂಡ ಮಾರನೆಯ ದಿನ ಉಪ್ಪಿನ ಹಾಗೆ ಎಲ್ಲದಕ್ಕೂ ಉದುರಿಸುತ್ತಿದ್ದ. ‘ನಾನು ಅಡುಗೆಯವನು’ ಎನ್ನಲು ‘ಐ ಕುಕ್’ ಎಂದು ನಿಲ್ಲಿಸಿದರೆ ಮುದುಕಿ ಮೇಜು ಕುಟ್ಟುತ್ತಿದ್ದರು. ನಡುವೆ ‘ಆಮ್’ ಎಲ್ಲಿ, ಅದಿಲ್ಲದಿದ್ದರೆ ನೀನೇ ಇಲ್ಲ ಎಂದು ಅವರ ವಾದ.

"ನಾನು ನಿಮ್ಮೆದುರಿಗೇ ನಿಂತಿದೀನಲ್ಲ," ಎಂದ ಲುಕಿಚ್. "ಮತ್ತೆ ಇದೀನಿ ಇದೀನಿ ಅಂತ ಯಾಕೆ ಹೇಳ್ಬೇಕು? ಅವ್ರಿಗೆ ಕಣ್ ಕಾಣಲ್ವಾ?"

ಡೈರಿಯಲ್ಲಿ ಬಿತ್ತು: ‘ಎರಡು. ಎದುರುತ್ತರ ಕೊಡುತ್ತಾನೆ.’

ಇದೆಲ್ಲ ಹೇಗೋ ಸರಿಹೋಗುತ್ತಿತ್ತು. ಎರಡನೆಯ ವಾರಕ್ಕೆ ಮೂರು ಬಿತ್ತು, ಆಮೇಲೆ ಮೂರರ ಪಕ್ಕ ಒಂದು ಕೂಡಿಸುವ ಗುರುತೂ ಬಿತ್ತು. ಲಂಡನ್ ಗ್ರೇಟ್ ಬ್ರಿಟನ್ನಿನ ರಾಜಧಾನಿ ಎಂಬ ಪಾಠವನ್ನು ನಮ್ಮಲ್ಲಿ ಶಾಲೆಗೆ ಹೋದವರೆಲ್ಲ ಸಾಯುವ ಮುಂಚೆಯೂ ಒಪ್ಪಿಸಬಲ್ಲರು. ಲುಕಿಚ್ ಕೂಡ ಒಪ್ಪಿಸಿದ, ಥೇಮ್ಸ್ ನದಿಯವರೆಗೆ ಒಂದೇ ಉಸಿರಿನಲ್ಲಿ. ಗಾಡಿ ನಿಂತದ್ದು ‘ಹೌ ಆರ್ ಯು’ ಎಂಬಲ್ಲಿ.

ಮುದುಕಿ ಆ ಪ್ರಶ್ನೆ ಕೇಳಿದರು. ಲುಕಿಚ್ ಯೋಚಿಸಿ, ಮೊಣಕಾಲಿಗೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ ಎಂದು ಕೇಳಿದ.

"ಮೊಣಕಾಲು ಯಾಕೆ?"

"ಹೇಗಿದೀಯ ಅಂದ್ರಲ್ಲ. ಎಡಗಾಲು ಮಡಚೋಕಾಗ್ತಿಲ್ಲ."

ರಿಮ್ಮಾ ಗೆನ್ರಿಖೊವ್ನಾ ಕನ್ನಡಕ ತೆಗೆದು ಒರೆಸಿಕೊಂಡರು. ಇಂಗ್ಲಿಷಿನವರಿಗೆ ನಿನ್ನ ಮೊಣಕಾಲು ಬೇಕಾಗಿಲ್ಲ, ನೀನು ಹೇಗಿದ್ದೀಯೆಂಬುದೂ ಬೇಕಾಗಿಲ್ಲ, ಅವರು ಕೇಳುತ್ತಾರೆ, ನೀನು ಹಲ್ಲು ಕಾಣುವ ಹಾಗೆ ನಕ್ಕು ‘ಫೈನ್, ಥ್ಯಾಂಕ್ ಯೂ’ ಎನ್ನಬೇಕು, ಅಷ್ಟೇ ಎಂದು ವಿವರಿಸಿದರು. ಲುಕಿಚ್‌ಗೆ ತಲೆಬುಡ ತಿಳಿಯಲಿಲ್ಲ. ಬೇಕಿಲ್ಲದಿದ್ದರೆ ಕೇಳುವುದೇಕೆ? ನಮ್ಮಲ್ಲಿ ಹೇಗಿದ್ದೀಯ ಎಂದು ಕೇಳಿದವನು ಕೋಟು ಬಿಚ್ಚಿ, ಕೂತು, ಚಹಾ ಕುಡಿದು, ಪೂರ್ತಿ ಕೇಳಿಯೇ ಏಳುತ್ತಾನೆ. ಅಷ್ಟು ಹೊತ್ತಿಲ್ಲದವನು ಕೇಳುವುದೇ ಇಲ್ಲ. ಅದೂ ಅಲ್ಲದೆ ಹಡಗಿನ ಮಾತೇ ಬೇರೆ.

"ಕ್ಯಾಪ್ಟನ್ನು ಅಡುಗೆಯವನ್ನ ಹೇಗಿದೀಯ ಅಂತ ಕೇಳಿದ್ರೆ ಅದು ಉಪಚಾರ ಅಲ್ಲ, ರಿಮ್ಮಾ ಗೆನ್ರಿಖೊವ್ನಾ. ನಂಗೆ ಹೊಟ್ಟೆ ಕೆಟ್ಟಿದ್ದೂ ಚೆನ್ನಾಗಿದೀನಿ ಅಂತ ಸುಳ್ಳು ಹೇಳಿದ್ರೆ ನಾಳೆ ನಲವತ್ತು ಜನ ಹಾಸಿಗೆ ಹಿಡೀತಾರೆ. ಈ ಒಂದು ಪ್ರಶ್ನೆಗೆ ನಾನು ಯಾವತ್ತೂ ಸುಳ್ಳು ಹೇಳಿಲ್ಲ."

"ಇದು ಸುಳ್ಳಲ್ಲ, ಇದು ಇಂಗ್ಲಿಷು," ಎಂದರು ಮುದುಕಿ. "ನಗು."

ಲುಕಿಚ್ ನಕ್ಕ. ಅದನ್ನು ನೋಡಿ ಅವರ ಬೆಕ್ಕು ಸೋಫಾದ ಕೆಳಗೆ ಹೋಗಿ ಕೂತಿತು. ಪಾಪ, ಅವನ ತಪ್ಪೂ ಅಲ್ಲ. ನಮ್ಮ ಕಡೆಯ ಮುಖಗಳು ಸುಮ್ಮಸುಮ್ಮನೆ ನಗುವುದಕ್ಕೆ ಆದವಲ್ಲ. ಪರಿಚಯದವರನ್ನು ಕಂಡರೆ ನಗುತ್ತೇವೆ, ಹಾಸ್ಯವಾದರೆ ನಗುತ್ತೇವೆ, ಗೊತ್ತಿಲ್ಲದವರ ಮುಂದೆ ಹಲ್ಲು ಬಿಟ್ಟರೆ ಜನ ಮೊದಲು ತಮ್ಮ ಕೈಚೀಲ ಮುಟ್ಟಿ ನೋಡಿಕೊಳ್ಳುತ್ತಾರೆ. ಅಭ್ಯಾಸವಾಗಲಿ ಎಂದು ಮುದುಕಿ ಅವನಿಗೆ ಮನೆಪಾಠ ಕೊಟ್ಟರು: ಬಸ್ಸಿನಲ್ಲಿ ದಿನಕ್ಕೆ ಮೂವರು ಅಪರಿಚಿತರ ಮುಖ ನೋಡಿ ನಗಬೇಕು.

ಮೊದಲ ದಿನ ಲುಕಿಚ್ ಎದುರಿಗೆ ಕೂತ ಹೆಂಗಸಿಗೆ ನಕ್ಕ. ಅವಳು ಕೋಟಿನ ಗುಂಡಿಗಳನ್ನೆಲ್ಲ ಒಂದೊಂದಾಗಿ ಪರೀಕ್ಷಿಸಿಕೊಂಡು, ಸರಿಯಾಗಿವೆ ಎಂದು ಖಾತ್ರಿಯಾದ ಮೇಲೆ ಎದ್ದು ಹಿಂದಿನ ಸೀಟಿಗೆ ಹೋದಳು. ಆಮೇಲೆ ಒಬ್ಬ ದಪ್ಪ ಮೀಸೆಯವನಿಗೆ ನಕ್ಕ. ಅವನು ಮುಂದಿನ ಸ್ಟಾಪಿನಲ್ಲಿ ಇಳಿಯೋಣ ಬಾ, ಅಲ್ಲಿ ಮಾತಾಡೋಣ ಎಂದ. ಮೂರನೆಯ ನಗು ಕಂಡಕ್ಟರಮ್ಮನಿಗೆ. ಆಕೆ ಹತ್ತಿರ ಬಂದು ಅವನ ಬಾಯಿ ಮೂಸಿ ನೋಡಿ, ವಾಸನೆ ಸಿಗದೆ ಇನ್ನೂ ಗಾಬರಿಯಾದಳು. ಆಕೆಗೂ ಜೋಯಾಗೂ ಒಂದೇ ಡಿಪೋ. ನಿನ್ನ ಗಂಡ ಬಸ್ಸಿನಲ್ಲಿ ಹೆಂಗಸರಿಗೆ ನಗುತ್ತಾನೆ ಎಂಬ ಸುದ್ದಿ ಸಂಜೆಯೊಳಗೆ ಜೋಯಾಳಿಗೆ ಮುಟ್ಟಿತು. ಅವತ್ತು ಡೈರಿಗೆ ಸಹಿ ಬೀಳಲಿಲ್ಲ. ಮೀಸೆಯವನಿಗೂ ನಕ್ಕಿದ್ದೇನೆ ಎಂದು ಲುಕಿಚ್ ಎಷ್ಟು ಹೇಳಿದರೂ ಅದರಿಂದ ಅವನ ಪರಿಸ್ಥಿತಿ ಸುಧಾರಿಸಲಿಲ್ಲ.

ಬುಧವಾರ, ಪರೀಕ್ಷೆಯ ಹಿಂದಿನ ದಿನ, ರಿಮ್ಮಾ ಗೆನ್ರಿಖೊವ್ನಾ ಪಾಠ ಮಾಡಲಿಲ್ಲ. ಉಳಿದ ಗೋಡೆಕಾಗದದ ಸುರುಳಿಯೊಂದನ್ನು ಮೇಜಿನ ಮೇಲೆ ಬಿಡಿಸಿ, ಹಿಂಭಾಗದಲ್ಲಿ ಕೆಂಪು ಬಣ್ಣದಿಂದ ಗೇಣುದ್ದದ ಅಕ್ಷರ ಬರೆಯುತ್ತಿದ್ದರು. ನಾಳೆ ತಾವು ಅವನ ಮನೆಗೆ ಬಂದು ಕಂಪ್ಯೂಟರಿನ ಹಿಂದೆ ನಿಂತು, ಪ್ರಶ್ನೆಗೆ ತಕ್ಕ ಉತ್ತರ ಎತ್ತಿ ಹಿಡಿಯುತ್ತಾರಂತೆ. ಲುಕಿಚ್ ತನ್ನ ಕಿವಿಯನ್ನೇ ನಂಬಲಿಲ್ಲ. ಏಳನೆಯ ತರಗತಿಯಲ್ಲಿ ಪಕ್ಕದವನಿಗೆ ಒಂದು ಪದ ಪಿಸುಗುಟ್ಟಿದ್ದಕ್ಕೆ ಇದೇ ಹೆಂಗಸು ಅವನನ್ನು ಒಂದು ವಾರ ಮೂಲೆಯಲ್ಲಿ ನಿಲ್ಲಿಸಿದ್ದರು. ಹೇಳಿಕೊಡುವುದು ಕಳ್ಳತನಕ್ಕೆ ಸಮ ಎಂದು ಕಪ್ಪುಹಲಗೆಯ ಮೇಲೆ ನೂರು ಸಲ ಬರೆಸಿದ್ದರು.

"ನಗಬೇಡ," ಎಂದರು ಅವರು, ತಲೆ ಎತ್ತದೆ. "ನೀನು ಫೇಲಾದ್ರೆ ಆ ಎರಡು ನಂದೂ ಹೌದು."

ಗುರುವಾರ ಎರಡೂವರೆಗೇ ಎಲ್ಲ ಸಿದ್ಧವಾಯಿತು. ದೊಡ್ಡ ಕೋಣೆಯಲ್ಲಿ, ಹರಳುಗಾಜಿನ ಲೋಟಗಳನ್ನು ಜೋಡಿಸಿಟ್ಟ ಗಾಜಿನ ಬಾಗಿಲಿನ ಬೀರುವಿಗೆ ಬೆನ್ನು ಹಾಕಿ ಲುಕಿಚ್ ಕೂತ. ಮದುವೆಯ ಕೋಟು, ಗುಂಡಿ ಹಾಕಿದರೆ ಉಸಿರಿಲ್ಲ. ಅವನ ಎದುರು ಲ್ಯಾಪ್‌ಟಾಪು. ಅದರ ಹಿಂದೆ, ಕ್ಯಾಮೆರಾಗೆ ಕಾಣದ ಹಾಗೆ, ರಿಮ್ಮಾ ಗೆನ್ರಿಖೊವ್ನಾ. ಶಾಲೆಗೆ ಹಾಕಿಕೊಳ್ಳುತ್ತಿದ್ದ ನೀಲಿ ಜಾಕೆಟ್ಟಿಗೆ ಪದಕದ ಪಿನ್ನು ಚುಚ್ಚಿಕೊಂಡು, ಹನ್ನೆರಡು ಹಾಳೆಗಳನ್ನು ಎದೆಗವಚಿಕೊಂಡು ನಿಂತಿದ್ದರು. ಜೋಯಾ ರಜೆ ಹಾಕಿ ಬಂದು ಬಾಗಿಲ ಬಳಿ ಕಾವಲಿದ್ದಳು. ಸೋತರೆ ರವೆಗಂಜಿ ಎಂಬುದು ಮೂವರಿಗೂ ಗೊತ್ತಿತ್ತು.

ಮೂರಕ್ಕೆ ಸರಿಯಾಗಿ ಪರದೆಯ ಮೇಲೆ ದುಂಡು ಮುಖದ, ದಪ್ಪ ಕನ್ನಡಕದ ಒಬ್ಬ ಗಂಡಸು ಕಾಣಿಸಿಕೊಂಡ. ಹಿಂದೆ ಫ್ಯಾನು ತಿರುಗುತ್ತಿತ್ತು, ಒಂದು ಕೆನ್ನೆ ಊದಿಕೊಂಡಿತ್ತು. ತಾನು ಕ್ಯಾಪ್ಟನ್ ಮಗ್ಸಿನೋ ಎಂದು ಹೇಳಿಕೊಂಡು, ಹಡಗು ಎಂಥದು, ಎಷ್ಟು ಜನ, ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಗಡಗಡ ವಿವರಿಸಿದ. ಲುಕಿಚ್‌ಗೆ ಮುಕ್ಕಾಲು ಪಾಲು ಅರ್ಥವಾಯಿತು. ಬಂದರುಗಳಲ್ಲಿ ಫಿಲಿಪೀನಿನ ನಾವಿಕರ ಜೊತೆ ಅವನು ಮೀನು ಕೊಟ್ಟು ಸೋಯಾ ಸಾಸು ತಂದವನು, ಆ ರಾಗ ಅವನ ಕಿವಿಗೆ ಹೊಸದಲ್ಲ. ಧೈರ್ಯ ಬಂದು ಅವನು ಹಾಳೆಗಾಗಿ ತಲೆ ಎತ್ತಿದ.

ರಿಮ್ಮಾ ಗೆನ್ರಿಖೊವ್ನಾ ಮುಖ ಸುಣ್ಣವಾಗಿತ್ತು. ಬಾಯಿ ಅರ್ಧ ತೆರೆದಿತ್ತು. ಒಂದು ಹಾಳೆ ತೆಗೆಯುತ್ತಾರೆ, ಒಳಗಿಡುತ್ತಾರೆ, ಇನ್ನೊಂದು ತೆಗೆಯುತ್ತಾರೆ. ಅವರಿಗೆ ಒಂದಕ್ಷರವೂ ಅರ್ಥವಾಗಿಲ್ಲವೆಂದು ಲುಕಿಚ್‌ಗೆ ಹೊಳೆಯಿತು. ನಲವತ್ತೊಂದು ವರ್ಷ ಅವರು ಕೇಳಿದ ಇಂಗ್ಲಿಷ್ ಎಂದರೆ ಶಾಲೆಯ ಗ್ರಾಮಫೋನ್ ತಟ್ಟೆಯದು, ನಿಧಾನಕ್ಕೆ, ಗಂಟಲು ಸರಿಪಡಿಸಿಕೊಂಡು ಮಾತನಾಡುವ ಇಬ್ಬರು ಲಂಡನ್ನಿನವರದು. ಈ ಊರು ಅರ್ಧ ಶತಮಾನ ಪರದೇಶದವರಿಗೆ ಬಾಗಿಲು ಹಾಕಿತ್ತು. ತೆರೆದ ಮೇಲೂ ಇಲ್ಲಿಗೆ ಯಾರೂ ಬರಲಿಲ್ಲ. ಲುಕಿಚ್‌ಗೆ ತನ್ನ ಪರೀಕ್ಷೆಯೇ ಮರೆತುಹೋಯಿತು.

ಅಷ್ಟರಲ್ಲಿ ಕ್ಯಾಪ್ಟನ್ ಮಾತು ನಿಲ್ಲಿಸಿ, ಊದಿದ ಕೆನ್ನೆಯಲ್ಲೇ ಒಂದು ಸಣ್ಣ ನಗು ತಂದುಕೊಂಡು ಕೇಳಿದ.

"ಸೋ, ಮಿಸ್ಟರ್ ಗೊರೆಲೊವ್. ಹೌ ಆರ್ ಯು?"

ಈ ಮೂರು ಪದ ಮುದುಕಿಗೆ ಸಿಕ್ಕವು. ಮುಳುಗುವವರಿಗೆ ಹಗ್ಗ ಸಿಕ್ಕ ಹಾಗೆ ಅವರು ಸರಿಯಾದ ಹಾಳೆಯನ್ನು ಎಳೆದು ತಲೆಯ ಮೇಲೆತ್ತಿದರು. ‘ಫೈನ್, ಥ್ಯಾಂಕ್ ಯೂ’ ಎಂದು ಕೆಂಪಗೆ, ಕೆಳಗೆ ಹಲ್ಲು ಕಾಣುವ ಒಂದು ದೊಡ್ಡ ಬಾಯಿಯ ಚಿತ್ರ.

ಲುಕಿಚ್ ಹಾಳೆ ನೋಡಿದ. ನಗಲು ಬಾಯಿ ಅಗಲಿಸಿದ. ಆದರೆ ಪರದೆಯ ಆಚೆ ಇದ್ದವನು ಬಸ್ಸಿನಲ್ಲಿ ಕೂತವನಲ್ಲ, ಕ್ಯಾಪ್ಟನ್, ಕೇಳಿದ್ದು ಅಡುಗೆಯವನನ್ನು. ಇಪ್ಪತ್ತೇಳು ವರ್ಷದ ಅಭ್ಯಾಸ ಮೂರು ವಾರದ ಪಾಠವನ್ನು ಪಕ್ಕಕ್ಕೆ ತಳ್ಳಿತು. ಅವನು ಬಾಯಿ ಮುಚ್ಚಿ, ಕೋಟಿನ ಗುಂಡಿ ಬಿಚ್ಚಿದ.

"ನಾಟ್ ಗುಡ್, ಕ್ಯಾಪ್ಟನ್," ಎಂದ.

ಬಾಗಿಲ ಬಳಿ ಜೋಯಾ ಕಣ್ಣು ಮುಚ್ಚಿಕೊಂಡಳು. ಮುದುಕಿ ಹಾಳೆಯನ್ನು ಬೀಸಣಿಗೆಯ ಹಾಗೆ ಅಲ್ಲಾಡಿಸಿದರು. ಲುಕಿಚ್ ಅತ್ತ ನೋಡಲೇ ಇಲ್ಲ. ತನಗಿದ್ದಷ್ಟು ಇಂಗ್ಲಿಷಿನಲ್ಲಿ, ‘ಎ’ ಇಲ್ಲದೆ ‘ದಿ’ ಇಲ್ಲದೆ, ಬೆರಳು ಮಡಚಿ ಒಂದೊಂದೇ ಹೇಳಿದ. ಹಡಗು ಸತ್ತಿತು. ಮೊಣಕಾಲು ಕೆಟ್ಟದು, ಆದರೆ ನಿಲ್ಲುತ್ತದೆ. ಹೊಟ್ಟೆ ಒಳ್ಳೆಯದು, ಕೈ ಸ್ವಚ್ಛ. ಮನೆಯಲ್ಲಿ ಇಬ್ಬರು, ನಾನು ನಲವತ್ತಕ್ಕೆ ಸಾರು ಮಾಡುತ್ತೇನೆ. ಚಿಕ್ಕ ಸಾರು ನನಗೆ ಗೊತ್ತಿಲ್ಲ. ಹೆಂಡತಿ ಒಳ್ಳೆಯವಳು, ದಣಿದಿದ್ದಾಳೆ. ನೆರೆಮನೆಯ ಅಜ್ಜಿ ಅಡಗುತ್ತಾಳೆ. ಏಪ್ರಿಲ್‌ನಲ್ಲಿ ಮಕ್ಕಳಿಗೆ ಗಂಜಿ. ಮಕ್ಕಳು ಒಳ್ಳೆಯವರು, ಗಂಜಿ ಕೆಟ್ಟದು. ನನಗೆ ಹಡಗು ಬೇಕು. ಹಡಗಿಲ್ಲದೆ ನಾನು ಯಾರಿಗೂ ಬೇಡದ ದೊಡ್ಡ ಪಾತ್ರೆ.

ಇಷ್ಟು ಹೇಳಿ ಕೈ ಮೊಣಕಾಲ ಮೇಲಿಟ್ಟುಕೊಂಡು, "ಆಂಡ್ ಯು?" ಎಂದ. ಹೇಳಿ ಸುಮ್ಮನೆ ಕಾದ. ನಮ್ಮವರು ಕೇಳಿದ ಮೇಲೆ ಕಾಯುತ್ತಾರೆ.

ಕ್ಯಾಪ್ಟನ್ ‘ಫೈ’ ಎಂದು ಶುರು ಮಾಡಿ ನಿಲ್ಲಿಸಿದ. ಕನ್ನಡಕ ತೆಗೆದ. ಮೂರು ದಿನದಿಂದ ಹಲ್ಲುನೋವು ಎಂದ. ಬೆಳಗಿನಿಂದ ಹನ್ನೊಂದು ಜನರನ್ನು ಮಾತನಾಡಿಸಿದ್ದೇನೆ, ಹನ್ನೊಂದು ಜನವೂ ಒಂದೇ ಥರ ಹಲ್ಲು ಬಿಟ್ಟು ಒಂದೇ ಮಾತು ಹೇಳಿದರು, ಒಬ್ಬನೇ ಹನ್ನೊಂದು ಸಲ ಬಂದನೇನೋ ಎಂದು ಅನುಮಾನ ಬಂತು ಎಂದ. ಹಿಂದಿನ ಅಡುಗೆಯವನೂ ಹೀಗೇ ಚೆನ್ನಾಗಿದ್ದೇನೆ ಎನ್ನುತ್ತಲೇ ಇದ್ದವನು ಒಂದು ದಿನ ಬಂದರಿನಲ್ಲಿ ಇಳಿದು ವಾಪಸು ಬರಲಿಲ್ಲವಂತೆ. ಎರಡು ತಿಂಗಳಿಂದ ಹಡಗಿನಲ್ಲಿ ಹತ್ತೊಂಬತ್ತು ಜನ ಡಬ್ಬಿಯ ಊಟ ತಿನ್ನುತ್ತಿದ್ದಾರಂತೆ.

"ಹತ್ತೊಂಬತ್ತು?" ಲುಕಿಚ್‌ನ ಮುಖ ಇಳಿಯಿತು. "ಕಮ್ಮಿ."

"ಫಿಲಿಪೀನಿನವರು ಹತ್ತೊಂಬತ್ತು ಜನ, ಮಿಸ್ಟರ್ ಗೊರೆಲೊವ್," ಎಂದ ಕ್ಯಾಪ್ಟನ್. "ಅನ್ನಕ್ಕೆ ಕೂತರೆ ನಲವತ್ತು."

ಲುಕಿಚ್ ನಕ್ಕ. ಹಲ್ಲೂ ಕಂಡವು, ಅವನಿಗದು ಗೊತ್ತಾಗಲೂ ಇಲ್ಲ. ಆಮೇಲೆ ಅನ್ನದ ಮಾತು, ಮೀನಿನ ಮಾತು, ಬೆಂಕಿ ಹತ್ತಿದರೆ ಎಣ್ಣೆಗೆ ನೀರು ಹಾಕಬಾರದೆಂಬ ಮಾತು ಬಂತು. ಎಲ್ಲದಕ್ಕೂ ಕೈ ಕಾಲು ಬೆರೆಸಿ ಉತ್ತರ ಕೊಟ್ಟ. ಕೊನೆಗೆ ಕ್ಯಾಪ್ಟನ್ ಕಾಗದಗಳನ್ನು ಸರಿಸಿ, ಗಂಟಲು ಸರಿಮಾಡಿಕೊಂಡು, ನಿಮ್ಮ ಬೆನ್ನ ಹಿಂದಿನ ಗಾಜಿನಲ್ಲಿ ಕೆಂಪು ಅಕ್ಷರ ಕಾಣುತ್ತಿದೆ ಎಂದ. ತಿರುವುಮುರುವಾಗಿತ್ತು, ಓದಲು ಸ್ವಲ್ಪ ಹೊತ್ತು ಹಿಡಿಯಿತು ಎಂದೂ ಸೇರಿಸಿದ.

ಲುಕಿಚ್ ಮೆಲ್ಲನೆ ಹಿಂದೆ ತಿರುಗಿದ. ಬೀರುವಿನ ಬಾಗಿಲಲ್ಲಿ, ಹರಳುಗಾಜಿನ ಲೋಟಗಳ ನಡುವೆ, ನೀಲಿ ಜಾಕೆಟ್ಟು, ಮೇಲೆತ್ತಿದ ಹಾಳೆ, ಹಲ್ಲಿನ ಚಿತ್ರ ಎಲ್ಲ ಚೊಕ್ಕವಾಗಿ ಕಾಣುತ್ತಿತ್ತು. ಮುಗಿಯಿತು ಎಂದುಕೊಂಡ. ಮೂಗಿಗೆ ರವೆಗಂಜಿಯ ವಾಸನೆಯೇ ಬಂದ ಹಾಗಾಯಿತು.

ಅವರನ್ನು ಕರೆಯಿರಿ ಎಂದ ಕ್ಯಾಪ್ಟನ್.

ಲುಕಿಚ್ ಇದು ನನ್ನದೇ ಉಪಾಯ, ಅವರದೇನೂ ಇಲ್ಲ ಎಂದು ಹೇಳಲು ಇಂಗ್ಲಿಷ್ ಹುಡುಕುತ್ತಿದ್ದ. ಅಷ್ಟರಲ್ಲಿ ರಿಮ್ಮಾ ಗೆನ್ರಿಖೊವ್ನಾ ತಾವೇ ಹಾಳೆಗಳನ್ನು ಕೆಳಗಿಟ್ಟು, ಜಾಕೆಟ್ಟು ಎಳೆದುಕೊಂಡು, ಮೇಜು ಸುತ್ತಿ ಬಂದು ಕ್ಯಾಮೆರಾ ಎದುರು ನಿಂತರು. ಕಪ್ಪುಹಲಗೆಯ ಮುಂದೆ ಉತ್ತರ ಬಾರದ ಹುಡುಗಿ ನಿಲ್ಲುವ ಹಾಗೆ ನಿಂತಿದ್ದರು. ಕ್ಯಾಪ್ಟನ್ ಎದ್ದು ನಿಂತು ತಲೆ ಬಾಗಿಸಿ ಏನೋ ಹೇಳಿದ. ಅವರಿಗೆ ತಿಳಿಯಲಿಲ್ಲ.

"ನೀವು ಟೀಚರ್ರಾ ಅಂತ ಕೇಳ್ತಿದಾರೆ," ಎಂದು ಲುಕಿಚ್ ಪಿಸುಗುಟ್ಟಿದ. "ಹೇಗಿದೀರಿ ಅಂತಲೂ."

"ಹೇಳಿಕೊಡಬೇಡ, ಗೊರೆಲೊವ್," ಎಂದರು ಅವರು, ತುಟಿ ಅಲುಗಿಸದೆ.

ಆಮೇಲೆ ಲುಕಿಚ್ ಬಿಟ್ಟುಕೊಟ್ಟ ಕುರ್ಚಿಯ ಮೇಲೆ ಕೂತರು. ‘ಫೈನ್, ಥ್ಯಾಂಕ್ ಯೂ’ ನಾಲಿಗೆಯ ತುದಿಯಲ್ಲೇ ಇತ್ತು, ಅದನ್ನು ಅವರು ಎರಡು ಸಾವಿರ ಮಕ್ಕಳ ಬಾಯಲ್ಲಿ ಹೇಳಿಸಿದ್ದರು. ಆದರೆ ಹೇಳಿದ್ದು ಬೇರೆ. ನಿಧಾನವಾಗಿ, ಒಂದೊಂದು ಪದವನ್ನೂ ಅದರ ಜಾಗದಲ್ಲಿ ಇಟ್ಟು, ಎಲ್ಲ ‘ಎ’ ಎಲ್ಲ ‘ದಿ’ ಸಮೇತ, ಗ್ರಾಮಫೋನ್ ತಟ್ಟೆಯ ಇಂಗ್ಲಿಷಿನಲ್ಲಿ ಹೇಳಿದರು.

"ನನಗೆ ಭಯವಾಗಿದೆ, ಸರ್. ನಾನು ನಲವತ್ತೊಂದು ವರ್ಷ ನಿಮ್ಮ ಭಾಷೆ ಕಲಿಸಿದ್ದೇನೆ. ಈ ಭಾಷೆಯಲ್ಲಿ ನನ್ನ ಜೊತೆ ಮಾತನಾಡಿದ ಮೊದಲ ಪರದೇಶದವರು ನೀವು. ನೀವು ಹೇಳಿದ ಒಂದು ಮಾತೂ ನನಗೆ ಅರ್ಥವಾಗಲಿಲ್ಲ. ಎಲ್ಲರಿಗೂ ತಪ್ಪು ಕಲಿಸಿದೆನೇನೋ ಎಂದು ಇಲ್ಲಿ ನಿಂತು ಯೋಚಿಸುತ್ತಿದ್ದೆ."

ಕ್ಯಾಪ್ಟನ್ ಕುರ್ಚಿ ಮುಂದೆಳೆದುಕೊಂಡ. ಈ ಸಲ ಅವನೂ ಪಾಠ ಹೇಳುವವನ ಹಾಗೆ ಒಂದೊಂದೇ ಪದ ಬಿಡಿಸಿ ಹೇಳಿದ. ಇಂಗ್ಲಿಷು ನನ್ನದೂ ಅಲ್ಲ ಮೇಡಂ, ನನಗೂ ಒಬ್ಬ ಟೀಚರು ಹೊಡೆದು ಕಲಿಸಿದ್ದು. ನೀವು ಹೇಳಿದ ಒಂದೊಂದು ಮಾತೂ ನನಗೆ ಅರ್ಥವಾಯಿತು. ಇವತ್ತು ನಾನು ಕೇಳಿದ್ದರಲ್ಲಿ ಎಲ್ಲಕ್ಕಿಂತ ಒಳ್ಳೆಯ ಇಂಗ್ಲಿಷು ಇದು.

ಅಷ್ಟೂ ಅವರಿಗೆ ಅರ್ಥವಾಯಿತು. ಯಾರೂ ಹೇಳಿಕೊಡಲಿಲ್ಲ. ಕನ್ನಡಕ ತೆಗೆದವರು ಮತ್ತೆ ಹಾಕಿಕೊಳ್ಳಲು ಬಹಳ ಹೊತ್ತು ತೆಗೆದುಕೊಂಡರು. ಜೋಯಾ ಬಾಗಿಲ ಬಳಿ ಮುಸುಮುಸು ಅಳುತ್ತಿದ್ದಳು.

ಕೊನೆಯ ಮಾತನ್ನು ಕ್ಯಾಪ್ಟನ್ ಲುಕಿಚ್‌ಗೆ ಹೇಳಿದ. ಉತ್ತರವನ್ನು ಗೇಣುದ್ದದ ಅಕ್ಷರದಲ್ಲಿ ಕಣ್ಣೆದುರು ಹಿಡಿದಿದ್ದರೂ ಅದನ್ನು ಓದದೆ ನಿಜ ಹೇಳುವವನ ಕೈಯ ಅಡುಗೆಯನ್ನು ನನ್ನ ಜನ ಹೆದರದೆ ತಿನ್ನಬಹುದು. ಏಪ್ರಿಲ್ ಐದಕ್ಕೆ ಪುಸಾನ್‌ನಲ್ಲಿ ಹಡಗು ಹತ್ತಿ. ಪರದೆ ಕಪ್ಪಾಯಿತು.

ರಿಮ್ಮಾ ಗೆನ್ರಿಖೊವ್ನಾ ಮೊದಲು ಮಾಡಿದ ಕೆಲಸವೆಂದರೆ ಡೈರಿ ಕೇಳಿದ್ದು. ಬೆಕ್ಕಿನ ಮರಿಯ ಡೈರಿ ಬಿಡಿಸಿ, ಮಾರ್ಚ್ ಹನ್ನೆರಡರ ಸಾಲಿನಲ್ಲಿ ಕೆಂಪಗೆ ‘ನಾಲ್ಕು’ ಎಂದು ಬರೆದರು. ಲುಕಿಚ್ ಹಡಗು ಸಿಕ್ಕವನಿಗೆ ಐದು ಯಾಕಿಲ್ಲ ಎಂದು ಗೊಣಗಿದ. ಮೊಣಕಾಲಿನ ಹಿಂದೆ ‘ಮೈ’ ಇರಲಿಲ್ಲ, ಹಡಗಿನ ಹಿಂದೆ ‘ಎ’ ಇರಲಿಲ್ಲ, ಇನ್ನೂ ಹೇಳಲೇ ಎಂದರು. ಹೇಳಬೇಡಿ ಎಂದ. ಜೋಯಾ ಅದರ ಪಕ್ಕ ಸಹಿ ಹಾಕಿ, ಬಸ್ಸಿನ ನಗುವಿನ ದಿನ ಖಾಲಿ ಬಿಟ್ಟಿದ್ದ ಜಾಗಕ್ಕೂ ಹಾಕಿದಳು.

ಮುದುಕಿ ಕೋಟು ಹಾಕಿಕೊಂಡು, ಶಾಲು ಸುತ್ತಿಕೊಂಡು ಬಾಗಿಲಿಗೆ ಬಂದರು. ಲುಕಿಚ್ ಅವರ ಕೈಚೀಲ ಹಿಡಿದು ಹಿಂದೆ ಬಂದವನು ಹೊಸ್ತಿಲಲ್ಲಿ ನಿಂತು, ಎಷ್ಟು ಸರಿಯಾಗಿ ಆಗುತ್ತದೋ ಅಷ್ಟು ಸರಿಯಾಗಿ ಕೇಳಿದ.

"ಹೌ ಆರ್ ಯು, ರಿಮ್ಮಾ ಗೆನ್ರಿಖೊವ್ನಾ?"

ಅವರು ಅವನನ್ನು ನೋಡಿದರು. ಅವನು ಕಾಯುತ್ತಿದ್ದ. ಅವರು ಶಾಲು ಬಿಚ್ಚಿದರು, ಕೋಟು ಬಿಚ್ಚಿ ಗೂಟಕ್ಕೆ ತೂಗುಹಾಕಿದರು, ಅಡುಗೆಮನೆಗೆ ಹೋಗಿ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತರು. ಜೋಯಾ ಬೋರ್ಷ್ ಬಿಸಿಗಿಟ್ಟಳು, ಅದು ಹೇಗೂ ನಲವತ್ತು ಜನರಿಗಾಗುವಷ್ಟಿತ್ತು.

"ಮೊದಲು ಬಲಗಡೆ ಸೊಂಟದಿಂದ ಶುರು ಮಾಡ್ತೀನಿ," ಎಂದರು ಮುದುಕಿ. "ಇಂಗ್ಲಿಷಲ್ಲೇ ಹೇಳ್ತೀನಿ. ತಪ್ಪಿದ್ರೆ ತಿದ್ದು."